ತೊಳೆಯುವ ಮುನ್ನ ಹರಳಿನ ಜಾತಿ ತಿಳಿಯಿರಿ

ಗಣಿಯ ಸಿಡಿಮದ್ದು, ಲಾರಿಯ ಕುಲುಕಾಟ, ಅಂಚೆಯವರ ಎಸೆತ ಎಲ್ಲವನ್ನೂ ತಾಳಿಕೊಂಡು ಬಂದ ಹರಳು ಮನೆಯ ನಲ್ಲಿಯ ಕೆಳಗೆ ಹತ್ತು ನಿಮಿಷದಲ್ಲಿ ಹಾಳಾಗುವುದುಂಟು. ಕಲ್ಲಲ್ಲವೇ, ನೀರಿಗೆ ಏನಾದೀತು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಹಾಲೈಟ್ ಎಂದು ಚೀಟಿ ಅಂಟಿಸಿಕೊಂಡು ಬರುವ ಸುಂದರ ಘನಾಕೃತಿಯ ಹರಳು ನಮ್ಮ ಅಡುಗೆಮನೆಯ ಕಲ್ಲುಪ್ಪೇ. ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಕರಗಿಹೋಗುತ್ತದೆ. ಜಿಪ್ಸಮ್ ಕರಗುವುದು ಲೀಟರಿಗೆ ಎರಡು ಗ್ರಾಂನಷ್ಟು ಮಾತ್ರ. ಆದರೆ ಅದರ ಗಾಜಿನಂಥ ಮೈಯ ಮೆರುಗು ಮಾಸಲು ಅಷ್ಟೇ ಸಾಕು. ಹಾಗಾಗಿ ಮಾದರಿ ಕೈಗೆ ಬಂದ ದಿನ ಮಾಡಬೇಕಾದ ಕೆಲಸ ತೊಳೆಯುವುದಲ್ಲ, ಅದು ಯಾವ ಖನಿಜ, ಅದು ಕೂತು ಬೆಳೆದ ಅಡಿಗಲ್ಲು ಯಾವುದು, ಜೊತೆಗೆ ಇನ್ನೇನು ಬೆಳೆದಿದೆ ಎಂದು ಗುರುತಿಸುವುದು. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದಕ್ಕೆ ಬೇಕೇ ಬೇಕು. ಗಡಸುತನ ನೋಡಬೇಕಿದ್ದರೆ ಹಿಂಬದಿಯಲ್ಲಿ, ಒಡೆದ ಅಂಚಿನಲ್ಲಿ ಗೀರಿ ನೋಡಿ. ಹರಳಿನ ಮುಖಕ್ಕೆ ಚಾಕು ತಾಗಿಸಬೇಡಿ.

ಭಾರತದಿಂದ ಜಗತ್ತಿನ ವಸ್ತುಸಂಗ್ರಹಾಲಯಗಳಿಗೆ ಹೋಗಿರುವ ಹರಳುಗಳಲ್ಲಿ ಹೆಚ್ಚು ಹೆಸರು ಮಾಡಿದವು ಮಹಾರಾಷ್ಟ್ರದ ಕರಿಕಲ್ಲಿನವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಆಮೇಲೆ ಕಲ್ಲಿನ ಬಿರುಕುಗಳಲ್ಲಿ ಹರಿದಾಡಿದ ಬೆಚ್ಚಗಿನ ನೀರು ಸಿಲಿಕಾ, ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳನ್ನು ಹೊತ್ತು ತಂದು ಆ ಪೊಳ್ಳುಗಳ ಗೋಡೆಯ ಮೇಲೆ ಹರಳಾಗಿ ಕೂರಿಸಿತು. ಪುಣೆ, ನಾಸಿಕ, ಜಳಗಾಂವ್ ಸುತ್ತಲಿನ ಜಲ್ಲಿ ಕ್ವಾರಿಗಳಲ್ಲಿ, ಬಾವಿ ತೋಡುವಾಗ, ರಸ್ತೆಗೆ ಗುಡ್ಡ ಕಡಿಯುವಾಗ ಇವು ಸಿಗುತ್ತವೆ. ಪೀಚ್ ಬಣ್ಣದ, ತೆನೆ ಕಟ್ಟಿದಂತೆ ನಡು ಸಣ್ಣಗಾದ ಸ್ಟಿಲ್ಬೈಟ್, ಸೂಜಿಗಳ ಕಟ್ಟಿನಂಥ ಸ್ಕೋಲೆಸೈಟ್, ಮುತ್ತಿನ ಹೊಳಪಿನ ಹ್ಯುಲಾಂಡೈಟ್, ನೀರಿನಷ್ಟು ತಿಳಿಯಾದ ಅಥವಾ ವನೇಡಿಯಂನಿಂದ ಹಸಿರಾದ ಅಪೋಫಿಲೈಟ್. ಮೊದಲ ಮೂರು ಜಿಯೋಲೈಟ್ ಎಂಬ ಖನಿಜಗಳ ಗುಂಪಿನವು. ಕೊನೆಯದು ಆ ಗುಂಪಿಗೆ ಸೇರದಿದ್ದರೂ ಬೆಳೆಯುವುದು ಅವುಗಳ ಜೊತೆಯಲ್ಲೇ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಇದೇ ಲಾವಾದ ತೆಂಕಣ ಅಂಚು. ಅಲ್ಲಿಯ ಕಲ್ಲಿನ ಪೊಳ್ಳುಗಳಲ್ಲೂ ಬಿಳಿಯ ಜಿಯೋಲೈಟ್ ಕಾಣುತ್ತದೆ. ಕ್ವಾರಿಗೆ ಇಳಿಯುವ ಮುನ್ನ ಗುತ್ತಿಗೆದಾರರ ಅನುಮತಿ ಪಡೆಯಿರಿ, ತಲೆಗೆ ಹೆಲ್ಮೆಟ್ ಇರಲಿ, ಸಿಡಿಮದ್ದು ಹಾಕಿದ ಗೋಡೆಯ ಬುಡದಲ್ಲಿ ನಿಲ್ಲಬೇಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿಂದ ಒಂದು ಚೂರನ್ನೂ ತರಬಾರದು.

ಜಿಯೋಲೈಟ್ ಎಂಬ ಹೆಸರಿನಲ್ಲೇ ಅದರ ಗುಣವಿದೆ. 1756ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಟ್ ಇಂಥದೊಂದು ಖನಿಜವನ್ನು ಕಾಯಿಸಿದಾಗ ಅದು ನೊರೆಗಟ್ಟಿ ಕುದಿಯಿತು. ಗ್ರೀಕಿನಲ್ಲಿ ‘ಕುದಿಯುವ ಕಲ್ಲು’ ಎಂಬ ಅರ್ಥದ ಹೆಸರನ್ನು ಆತ ಇಟ್ಟ. ಕುದಿದದ್ದು ಹರಳಿನ ಜಾಲರಿಯೊಳಗೆ ಸೇರಿಕೊಂಡಿದ್ದ ನೀರು. ಆ ನೀರು ಹರಳಿನ ಅಂಗವೇ, ಹೊರಗಿನಿಂದ ಹತ್ತಿದ ತೇವವಲ್ಲ. ಇದನ್ನು ನೆನಪಿಟ್ಟರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಬಿಸಿನೀರು ಬೇಡ, ಬಿಸಿಲಲ್ಲಿ ಒಣಗಿಸುವುದು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ದಖನ್ ಕಲ್ಲಿನದೇ ಲೋಮೊಂಟೈಟ್ ಇದರಲ್ಲಿ ಎಲ್ಲಕ್ಕಿಂತ ನಾಜೂಕು. ಒಣ ಗಾಳಿಗೆ ಒಡ್ಡಿದರೆ ಸಾಕು, ನೀರು ಕಳೆದುಕೊಂಡು ಬೆಳ್ಳಗಾಗಿ, ಕೊನೆಗೆ ಸುಣ್ಣದ ಪುಡಿಯಂತೆ ಉದುರುತ್ತದೆ. ಅದನ್ನು ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ, ಒದ್ದೆ ಹತ್ತಿಯ ಉಂಡೆಯೊಂದನ್ನು ತಾಗದ ಹಾಗೆ ಮೂಲೆಯಲ್ಲಿಟ್ಟು ಮುಚ್ಚಿಡಬೇಕು.

ಈ ಗುಂಪನ್ನು ಶುಚಿ ಮಾಡುವ ಕ್ರಮ ಸರಳ. ಮೊದಲು ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುರುಡೆಯಿಂದ ದೂಳು ಹಾರಿಸಿ. ಮೂಲೆಯ ಮಣ್ಣನ್ನು ಮೃದುವಾದ ಚಿತ್ರಕಲೆಯ ಕುಂಚದಿಂದಲೋ ಮರದ ಹಲ್ಲುಕಡ್ಡಿಯಿಂದಲೋ ಬಿಡಿಸಿ. ಸ್ಟಿಲ್ಬೈಟ್, ಅಪೋಫಿಲೈಟ್‌ಗಳಾದರೆ ಕೋಣೆಯಷ್ಟೇ ತಂಪಿನ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಅರ್ಧ ಗಂಟೆ ನೆನೆಸಿ, ಎರಡು ಸಲ ಶುದ್ಧ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಎರಡು ದಿನ ಆರಲು ಬಿಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಇದಕ್ಕೆ ಸಾಕು. ಬೋರ್‌ವೆಲ್ ನೀರು ಬಳಸಿದರೆ ಆರಿದ ಮೇಲೆ ಮುಖಗಳ ಮೇಲೆ ಬಿಳಿ ಪೊರೆ ಕೂರುತ್ತದೆ, ಅದನ್ನು ತೆಗೆಯಲು ಆಮ್ಲ ಬೇಕು, ಜಿಯೋಲೈಟಿಗೆ ಆಮ್ಲ ಹಾಕುವಂತಿಲ್ಲ. ಬಚ್ಚಲು ತೊಳೆಯುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಇವುಗಳ ಜಾಲರಿಯನ್ನೇ ಒಡೆದು ಅಂಟುಅಂಟಾಗಿಸುತ್ತದೆ. ಸ್ಕೋಲೆಸೈಟಿನ ಸೂಜಿಗಳಿಗೆ ಕುಂಚವೂ ಭಾರವೇ, ಗಾಳಿ ಮಾತ್ರ ಸಾಕು. ಹತ್ತಿಯ ಉಂಡೆಯಂತೆ ಕಾಣುವ ಒಕೆನೈಟನ್ನು ಬೆರಳಿನಿಂದ ಮುಟ್ಟಲೂಬಾರದು. ಒಮ್ಮೆ ಅದರ ಎಳೆಗಳು ಒತ್ತಿಕೊಂಡರೆ ಮತ್ತೆ ಅರಳುವುದಿಲ್ಲ. ಅಲ್ಟ್ರಾಸಾನಿಕ್ ಯಂತ್ರ ಒಡವೆ ಅಂಗಡಿಗೆ ಸರಿ, ಇಲ್ಲಿಗಲ್ಲ. ಅದರ ಕಂಪನಕ್ಕೆ ಸೂಜಿಗಳು ಮುರಿಯುತ್ತವೆ, ಫ್ಲೋರೈಟ್ ತನ್ನ ಸೀಳುಗಳಲ್ಲಿ ಬಿರಿಯುತ್ತದೆ.

ಸ್ಫಟಿಕ, ಅಂದರೆ ಕ್ವಾರ್ಟ್ಸ್, ಇದಕ್ಕೆ ಪೂರ್ತಿ ಬೇರೆ. ಬ್ರೆಜಿಲ್ಲಿನ ಮಿನಾಸ್ ಜೆರೈಸ್‌ನಿಂದ ಬರುವ ಗೊಂಚಲುಗಳ ಮೇಲೆ ತುಕ್ಕಿನ ಬಣ್ಣ ಹತ್ತಿದ್ದರೆ ಆಕ್ಸಾಲಿಕ್ ಆಮ್ಲ ಅದನ್ನು ಕರಗಿಸುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ಡಿಸ್ಟಿಲ್ಡ್ ನೀರಿಗೆ 80 ಗ್ರಾಂ ಪುಡಿ ಬೆರೆಸಿ, ಮಾದರಿ ಮುಳುಗಿಸಿ, ವಾರಗಟ್ಟಲೆ ಕಾಯಬೇಕು. ಅವಸರಕ್ಕೆ ಒಲೆಯ ಮೇಲೆ ಕುದಿಸುವವರಿದ್ದಾರೆ. ಅದರ ಆವಿ ಉಸಿರಿಗೆ ಸುಡುತ್ತದೆ, ಆಮ್ಲ ಹೊಟ್ಟೆಗೆ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ಕೈಗವಸು, ಕನ್ನಡಕ, ತೆರೆದ ಜಾಗ ಕಡ್ಡಾಯ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಗಡಸು ನೀರು ಬಳಸಿದರೆ, ಅಥವಾ ಅಡಿಗಲ್ಲಿನಲ್ಲಿ ಸುಣ್ಣದ ಖನಿಜವಾದ ಕ್ಯಾಲ್ಸೈಟ್ ಇದ್ದರೆ, ಕ್ಯಾಲ್ಸಿಯಂ ಆಕ್ಸಲೇಟಿನ ಬಿಳಿ ಪದರ ಕಟ್ಟುತ್ತದೆ, ಅದು ಸುಲಭಕ್ಕೆ ಬಿಡುವುದಿಲ್ಲ. ಸರಿಯಾಗಿ ಜಾಲಿಸದಿದ್ದರೆ ಬಿರುಕುಗಳಲ್ಲಿ ಉಳಿದದ್ದು ಆರಿದ ಮೇಲೆ ಹಳದಿ ಕಲೆಯಾಗಿ ಹೊರಬರುತ್ತದೆ. ಎಷ್ಟು ದಿನ ಆಮ್ಲದಲ್ಲಿತ್ತೋ ಅಷ್ಟು ದಿನ, ದಿನಾ ನೀರು ಬದಲಿಸುತ್ತಾ ನೆನೆಸಿಡಬೇಕು. ಉಳಿದ ದ್ರಾವಣಕ್ಕೆ ಸುಣ್ಣ ಬೆರೆಸಿ ತಟಸ್ಥಗೊಳಿಸಿದ ಮೇಲೆಯೇ ಚೆಲ್ಲುವುದು.

ಕಪಾಟಿಗೆ ಏರಿದ ಮೇಲೆ ಶತ್ರು ಗಾಳಿ ಮತ್ತು ಬೆಳಕು. ಮಂಗಳೂರು, ಕಾರವಾರ ಕಡೆಯ ಮಳೆಗಾಲ ಚಿನ್ನದಂತೆ ಹೊಳೆಯುವ ಕಬ್ಬಿಣ-ಗಂಧಕದ ಖನಿಜವಾದ ಪೈರೈಟಿಗೆ ದೊಡ್ಡ ಪರೀಕ್ಷೆ. ತೇವಾಂಶ ಶೇಕಡಾ 60 ದಾಟಿತೆಂದರೆ ಅದರ ಗಂಧಕ ಮತ್ತು ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಸೇರಿ ಸಲ್ಫೇಟ್ ಆಗುತ್ತವೆ, ಜೊತೆಗೆ ಗಂಧಕಾಮ್ಲವೂ ಹುಟ್ಟುತ್ತದೆ. ಬೂದು-ಹಳದಿ ಪುಡಿ, ಹುಳಿ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ಚೀಟಿ ಇದರ ಲಕ್ಷಣ. ಸ್ಪೇನಿನ ನವಾಹುನ್‌ನ ಅಚ್ಚುಕಟ್ಟಾದ ಘನಗಳು ಸಾಮಾನ್ಯವಾಗಿ ಬಾಳಿಕೆ ಬರುತ್ತವೆ. ಸಣ್ಣ ಕಣದ ಪೈರೈಟ್ ಗಂಟುಗಳು ಮತ್ತು ಅದರ ಸೋದರ ಮಾರ್ಕಸೈಟ್ ಬೇಗ ಕೊಳೆಯುತ್ತವೆ. ಪುಡಿ ಕಂಡದ್ದನ್ನು ಕೂಡಲೇ ಬೇರೆ ಇಡಿ, ಅದರ ಆಮ್ಲ ಪಕ್ಕದ ಕ್ಯಾಲ್ಸೈಟನ್ನೂ ಪೆಟ್ಟಿಗೆಯನ್ನೂ ತಿನ್ನುತ್ತದೆ. ಹತ್ತು ಲೀಟರಿನ ಗಾಳಿಯಾಡದ ಡಬ್ಬಿಗೆ ನೂರು ಗ್ರಾಂ ಸಿಲಿಕಾ ಜೆಲ್ ಹಾಕಿ, ಒಂದು ಪುಟ್ಟ ತೇವಮಾಪಕ ಇಟ್ಟು ಶೇಕಡಾ 40ರ ಆಸುಪಾಸಿನಲ್ಲಿ ಉಳಿಸಿ. ಕಿತ್ತಳೆ ಜೆಲ್ ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಆದರೆ ಇದೇ ಡಬ್ಬಿಯಲ್ಲಿ ಲೋಮೊಂಟೈಟನ್ನೋ ಓಪಲನ್ನೋ ಇಡಬೇಡಿ. ಪೈರೈಟನ್ನು ಕಾಯುವ ಒಣ ಗಾಳಿ ಅವುಗಳ ನೀರನ್ನು ಹೀರುತ್ತದೆ. ಎಲ್ಲಾ ಹರಳಿಗೂ ಒಂದೇ ಕಪಾಟು ಸಾಕು ಎಂಬುದು ಈ ಹವ್ಯಾಸದಲ್ಲಿ ಬಲು ದುಬಾರಿ ತಪ್ಪು.

ಬೆಳಕಿನ ವಿಷಯಕ್ಕೆ ಬಂದರೆ, ಮನಃಶಿಲೆ ಎಂದು ನಮ್ಮ ಹಳೆಯ ವೈದ್ಯ ಗ್ರಂಥಗಳು ಕರೆಯುವ ಕೆಂಪು ರಿಯಾಲ್ಗರ್ ಬೆಳಕಿಗೆ ಒಡ್ಡಿಕೊಂಡರೆ ಹಳದಿ ಪುಡಿಯಾಗಿ ಬದಲಾಗುತ್ತದೆ. ಅದನ್ನು ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು, ತೋರಿಸುವಾಗಷ್ಟೇ ತೆರೆಯಬೇಕು. ನೇರಳೆ ಅಮೆಥಿಸ್ಟ್, ಕೆಲವು ಫ್ಲೋರೈಟ್, ಗುಲಾಬಿ ಕುಂಜೈಟ್ ಬಿಸಿಲಿನ ಕಿಟಕಿಯ ಬಳಿ ಮಂಕಾಗುತ್ತವೆ. ಗಂಧಕದ ಹರಳು ಅಂಗೈಯ ಬಿಸಿಗೇ ಚಟಪಟ ಸದ್ದು ಮಾಡಿ ಬಿರುಕು ಬಿಡುತ್ತದೆ. ರಿಯಾಲ್ಗರ್ ಮತ್ತು ಹರಿತಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ, ಗ್ಯಾಲೆನಾದಲ್ಲಿ ಸೀಸ ಇದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಕೊಳ್ಳುವಾಗ ಮೋಸ ಹೋಗುವ ಜಾಗಗಳೂ ಗೊತ್ತಿರಬೇಕು. ತುದಿ ಕಡು ಕಿತ್ತಳೆ, ಬುಡ ಬಿಳಿ ಇರುವ ‘ಸಿಟ್ರಿನ್’ ಹೆಚ್ಚಾಗಿ ಕುಲುಮೆಯಲ್ಲಿ ಕಾಯಿಸಿದ ಅಮೆಥಿಸ್ಟ್. ಭೂಮಿಯಲ್ಲೇ ಆದ ಸಿಟ್ರಿನ್ ಹೊಗೆ ಬೆರೆತ ತಿಳಿ ಹಳದಿ. ಕಡು ನೀಲಿ ಚಾಲ್ಕಾಂಥೈಟ್ ದೊಡ್ಡ ಹರಳುಗಳಾಗಿ ಅಗ್ಗಕ್ಕೆ ಸಿಕ್ಕರೆ ಅದು ಪಾತ್ರೆಯಲ್ಲಿ ಬೆಳೆಸಿದ್ದು. ಮಲೆನಾಡಿನ ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವೇ ಅದರ ವಸ್ತು. ಕಾಮನಬಿಲ್ಲಿನ ಬಣ್ಣದ ಮೆಟ್ಟಿಲು ಮೆಟ್ಟಿಲಾದ ಬಿಸ್ಮತ್ ಹರಳು ಕಾರ್ಯಾಗಾರದಲ್ಲಿ ಕರಗಿಸಿ ಆರಿಸಿದ್ದು. ಹಾಗೆಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಪುಣೆ ಬಳಿಯ ವಾಘೋಲಿಯ ಕವನ್ಸೈಟ್‌ಗೆ ಹೆಚ್ಚು ಎಚ್ಚರ ಬೇಕು. 1967ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮೊದಲು ಸಿಕ್ಕ ಈ ನೀಲಿ ಖನಿಜದ ಅತ್ಯುತ್ತಮ ಮಾದರಿಗಳು ವಾಘೋಲಿಯ ಕ್ವಾರಿಗಳವು. ಉದುರಿದ ನೀಲಿ ಗುಂಡುಗಳನ್ನು ಬೇರೆ ಸ್ಟಿಲ್ಬೈಟ್ ಮೇಲೆ ಅಂಟಿಸಿ ಮಾರುವುದಿದೆ. ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ಅಂಟು ಹಲವು ಸಲ ನೀಲಿಬಿಳುಪಾಗಿ ಹೊಳೆಯುತ್ತದೆ. ಕ್ಯಾಲ್ಸೈಟ್ ಕೂಡ ಹೊಳೆಯುವುದರಿಂದ, ಹೊಳಪು ಗುಂಡಿನ ಬುಡದ ಸುತ್ತ ಗೆರೆಯಾಗಿ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಬಣ್ಣ ಹಾಕಿದ ಅನುಮಾನವಿದ್ದರೆ ಹಿಂಬದಿಗೆ ಅಸಿಟೋನ್ ಅದ್ದಿದ ಹತ್ತಿ ಒರಸಿದರೆ ತಿಳಿಯುತ್ತದೆ.

ಇಷ್ಟೆಲ್ಲ ಕಾಪಾಡಿದ ಮಾದರಿಗೆ ಊರಿನ ಹೆಸರಿಲ್ಲದಿದ್ದರೆ ವಿಜ್ಞಾನಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನಮೀಬಿಯಾದ ತ್ಸುಮೆಬ್ ಗಣಿ 1996ರಲ್ಲಿ ಮುಚ್ಚಿತು. ಅಲ್ಲಿಯ ಅಜುರೈಟ್ ಎಂಬ ನೀಲಿ ತಾಮ್ರದ ಖನಿಜಕ್ಕೂ ಬೇರೆ ಊರಿನ ಅಜುರೈಟಿಗೂ ಬೆಲೆಯಲ್ಲಿ ಭಾರೀ ಅಂತರವಿರುವುದರಿಂದ ಸುಳ್ಳು ಚೀಟಿಗಳೂ ಹುಟ್ಟುತ್ತವೆ. ನಮ್ಮ ಕಡೆಯ ಫ್ಯೂಕ್ಸೈಟ್ ಎಂಬ ಹಸಿರು ಅಭ್ರಕದೊಳಗಿನ ಮಾಣಿಕ್ಯದ ಕಲ್ಲನ್ನು ‘ಮೈಸೂರು’ ಎಂದಷ್ಟೇ ಬರೆದು ಮಾರುವವರನ್ನು ತಾಲ್ಲೂಕು, ಹಳ್ಳಿ ಯಾವುದು ಎಂದು ಕೇಳಿ. ತಿಳಿಯದಿದ್ದರೆ ‘ಖಚಿತವಿಲ್ಲ’ ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ. ಖನಿಜದ ಹೆಸರು, ಕ್ವಾರಿ ಅಥವಾ ಗಣಿ, ಹಳ್ಳಿ, ಜಿಲ್ಲೆ, ದೇಶ, ಸಿಕ್ಕ ಅಥವಾ ಕೊಂಡ ದಿನಾಂಕ, ಯಾರಿಂದ ಬಂತು, ಇಷ್ಟನ್ನು ಆಮ್ಲರಹಿತ ಕಾಗದದ ಮೇಲೆ ಬರೆದಿಡಿ. ಹಿಂದಿನವರ ಹಳೆಯ ಚೀಟಿ ಹರಿದಿದ್ದರೂ ಎಸೆಯದೆ ಜೊತೆಗೇ ಇಡಿ. ಚೀಟಿಯೂ ಕಲ್ಲೂ ಒಂದು ದಿನ ಬೇರೆಯಾಗುವುದರಿಂದ ಕಲ್ಲಿನ ಮೇಲೂ ಸಂಖ್ಯೆ ಬೇಕು. ಅಡಿಗಲ್ಲಿನ ಕಾಣದ ಜಾಗದಲ್ಲಿ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ರಾಳದ ತೆಳು ಲೇಪ, ಅದರ ಮೇಲೆ ಬಿಳಿ ಅಕ್ರಿಲಿಕ್ ಬಣ್ಣದ ಚುಕ್ಕೆ, ಅದು ಆರಿದ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ, ಮೇಲೆ ಮತ್ತೊಂದು ಲೇಪ. ಬೇಡವೆನಿಸಿದರೆ ಅಸಿಟೋನ್ ಹಚ್ಚಿ ಕಲ್ಲಿಗೆ ಕಲೆ ಉಳಿಯದಂತೆ ತೆಗೆಯಬಹುದು. ಒಕೆನೈಟ್, ಲೋಮೊಂಟೈಟ್‌ನಂಥ ಮುಟ್ಟಬಾರದ ಮಾದರಿಗಳಿಗೆ ಮಾತ್ರ ಸಂಖ್ಯೆಯನ್ನು ಡಬ್ಬಿಯ ತಳಕ್ಕೆ ಬರೆಯಿರಿ. ಮುಚ್ಚಳಕ್ಕೆ ಬರೆದರೆ ಅದು ಅದಲುಬದಲಾಗುತ್ತದೆ.