ನೆನಪು ಎಲ್ಲಿರುತ್ತದೆ, ಹೇಗೆ ಮರಳಿ ಬರುತ್ತದೆ?

ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಯಾವ ಔಷಧಿಗೂ ಬಗ್ಗದ ಮೂರ್ಛೆರೋಗವಿತ್ತು. 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ವೈದ್ಯರು ಮೆದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದುಹಾಕಿದರು. ಮೂರ್ಛೆ ಬರುವುದೇನೋ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯ ನೆನಪಿತ್ತು, ಮಾತು ಸರಿಯಿತ್ತು. ಒಂದು ಸಂಖ್ಯೆ ಕೊಟ್ಟರೆ ಬಾಯಲ್ಲಿ ಹೇಳಿಕೊಳ್ಳುತ್ತಾ ಹಿಡಿದಿಟ್ಟುಕೊಳ್ಳುತ್ತಿದ್ದರು. ಗಮನ ಆಚೀಚೆ ಹೋಯಿತೋ, ಸಂಖ್ಯೆಯೂ ಹೋಯಿತು, ಯಾರೋ ಸಂಖ್ಯೆ ಕೊಟ್ಟಿದ್ದರು ಎಂಬುದೂ ಹೋಯಿತು.

ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು. ಕಾಗದದ ಮೇಲೆ ಜೋಡಿ ಗೆರೆಯ ನಕ್ಷತ್ರ. ಆ ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು, ಆದರೆ ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮೊದಮೊದಲು ಎಲ್ಲರ ಕೈಯೂ ತಪ್ಪುತ್ತದೆ. ಹೆನ್ರಿ ಮೂರು ದಿನಗಳಲ್ಲಿ ಚೆನ್ನಾಗಿ ಕಲಿತುಬಿಟ್ಟರು. ವಿಚಿತ್ರವೆಂದರೆ, ಹಿಂದೆ ಇದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಕೈ ಕಲಿಯುವ ದಾರಿಯೇ ಬೇರೆ, ಘಟನೆ ನೆನಪಿಡುವ ದಾರಿಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ? 2008ರಲ್ಲಿ ತೀರಿಕೊಳ್ಳುವವರೆಗೂ ಹೆನ್ರಿ ಸಂಶೋಧಕರಿಗೆ ಸಹಕರಿಸಿದರು. ನೆನಪಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅವರ ಋಣ.

ಒಂದು ಘಟನೆ ಮೆದುಳಿನಲ್ಲಿ ಒಂದೇ ಕಡೆ ಕೂರುವುದಿಲ್ಲ. ಕಂಡದ್ದು ಒಂದು ಭಾಗದಲ್ಲಿ, ಕೇಳಿದ್ದು ಇನ್ನೊಂದರಲ್ಲಿ. ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದೇ ದಾಖಲಾತಿ. ಈ ಚೂರುಗಳನ್ನು ಒಟ್ಟಿಗೆ ಹೆಣೆಯುವುದು ಹಿಪೊಕ್ಯಾಂಪಸ್. ನಿದ್ದೆಯಲ್ಲೂ ಈ ಕೆಲಸ ನಡೆಯುತ್ತಿರುತ್ತದೆ. ಹಾಗಾಗಿ ನೆನಪಿಸಿಕೊಳ್ಳುವುದೆಂದರೆ ಆ ಚೂರುಗಳನ್ನು ಪ್ರತಿ ಸಲವೂ ಹೊಸದಾಗಿ ಜೋಡಿಸುವುದು. ಎಲ್ಲಾದರೂ ಬಿಟ್ಟುಹೋಗಿದ್ದರೆ ಮೆದುಳು ಊಹೆಯಿಂದ ತುಂಬಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ಕೆಲವರಿಗೆ ಕಾರು ಅಪಘಾತದ ಕಿರುಚಿತ್ರ ತೋರಿಸಿದರು. "ಕಾರುಗಳು ಡಿಕ್ಕಿ ಹೊಡೆದಾಗ ವೇಗ ಎಷ್ಟಿತ್ತು?" ಎಂದು ಒಂದು ಗುಂಪನ್ನು ಕೇಳಿದರು. ಇನ್ನೊಂದು ಗುಂಪಿಗೆ "ಜೋರಾಗಿ ಅಪ್ಪಳಿಸಿದಾಗ" ಎಂಬಂಥ ಪದ ಬಳಸಿದರು. ವಾರದ ನಂತರ "ಒಡೆದ ಗಾಜು ನೋಡಿದ್ರಾ?" ಎಂದು ಕೇಳಿದಾಗ ಮೊದಲ ಗುಂಪಿನ 50 ಜನರಲ್ಲಿ 7 ಮಂದಿ ಹೌದೆಂದರು, ಎರಡನೆಯದರಲ್ಲಿ 16 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ಕೇಳಿದ ಪದವೇ ನೆನಪಿನೊಳಗೆ ಸೇರಿಕೊಂಡಿತ್ತು. ಸಾಕ್ಷಿಯೊಬ್ಬರ ಮಾತಿನ ಮೇಲೆ ತೀರ್ಪು ನಿಂತಿರುವಾಗ ಇದು ಸಣ್ಣ ವಿಷಯವಲ್ಲ.

ಹೀಗೆ ಮತ್ತೆ ಮತ್ತೆ ಜೋಡಿಸುವುದರಿಂದ ಲಾಭವೂ ಇದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಪಾಠ ಕೊಟ್ಟರು. ಕೆಲವರು ಅದನ್ನೇ ತಿರುಗಿಸಿ ತಿರುಗಿಸಿ ಓದಿದರು. ಉಳಿದವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಬರೀ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿತು, ನೆನಪಿನಿಂದ ಬರೆದವರು ಬಹಳ ಮುಂದೆ ಹೋಗಿದ್ದರು. ಆದರೆ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಜಾಸ್ತಿ ಇದ್ದದ್ದು ಬರೀ ಓದಿದವರಿಗೇ.