ಮಾರಾಟಕ್ಕೊಳಗಾದ ಮಕ್ಕಳೇ ಆರೋಪಿಗಳಾದಾಗ: ಒಂದು ಕಾನೂನು ಹೋರಾಟದ ಹಿನ್ನೆಲೆ

ಮಾನವ ಕಳ್ಳಸಾಗಣೆಗೆ ಬಲಿಯಾದ ಮಗುವನ್ನು ಅಪರಾಧಿಯೆಂದು ಶಿಕ್ಷಿಸಬಾರದು ಎಂಬ ಮಾತನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರು ವಿರಳ. ಆದರೂ ಅದು ಕಾನೂನಾಗಲು ದಶಕಗಳೇ ಹಿಡಿದವು, ಆದದ್ದೂ ಅರ್ಧ ಮಾತ್ರ. ಅಮೆರಿಕದ ಅನುಭವದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಹದಿನೆಂಟು ತುಂಬದವರನ್ನು ಲೈಂಗಿಕ ದಂಧೆಗೆ ದೂಡಿದರೆ ಬಲವಂತವನ್ನಾಗಲಿ ವಂಚನೆಯನ್ನಾಗಲಿ ಸಾಬೀತುಪಡಿಸಬೇಕಿಲ್ಲ, ಅದು ಕಳ್ಳಸಾಗಣೆಯೇ ಎಂದು ಅಲ್ಲಿನ ಒಕ್ಕೂಟ ಸರ್ಕಾರದ ಕಾಯ್ದೆ 2000ದಲ್ಲೇ ಸಾರಿತ್ತು. ಆದರೆ ವೇಶ್ಯಾವಾಟಿಕೆಯ ಪ್ರಕರಣಗಳು ಬರುತ್ತಿದ್ದುದು ರಾಜ್ಯಗಳ ಕಾನೂನಿನಡಿ. ನ್ಯೂಯಾರ್ಕ್‌ನಲ್ಲಿ ಹದಿನೇಳು ತುಂಬದ ಹುಡುಗಿಯ ಸಮ್ಮತಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಆದರೂ ನಡುವೆ ಹಣದ ಮಾತು ಬಂದೊಡನೆ ಅದೇ ಹುಡುಗಿಯನ್ನು ಪೊಲೀಸರು ಆರೋಪಿಯಾಗಿ ಬಂಧಿಸಬಹುದಿತ್ತು. ಈ ಅಸಂಗತಿಯನ್ನು ಮುಂದಿಟ್ಟು ರೇಚಲ್ ಲಾಯ್ಡ್ ಸ್ಥಾಪಿಸಿದ ಜೆಮ್ಸ್ ಸಂಸ್ಥೆ ಮತ್ತು ಅದರ ನೆರವಿನಿಂದ ದಂಧೆಯಿಂದ ಹೊರಬಂದಿದ್ದ ಯುವತಿಯರು, ಇಂಥ ಮಕ್ಕಳನ್ನು ಆರೋಪಿಗಳಾಗಿ ಕಾಣಬಾರದೆಂದು ಶಾಸಕರ ಬಾಗಿಲು ತಟ್ಟಿದರು. ಬಂಧನದ ಭಯವಿಲ್ಲದಿದ್ದರೆ ಮಕ್ಕಳು ದಲ್ಲಾಳಿಯ ಬಳಿಗೇ ಮರಳುತ್ತಾರೆ, ಅವನ ವಿರುದ್ಧ ಸಾಕ್ಷ್ಯವೂ ಸಿಗುವುದಿಲ್ಲ ಎಂಬುದು ವಿರೋಧಿಗಳ ವಾದವಾಗಿತ್ತು. ಮಗುವನ್ನು ಕಾಪಾಡಲು ಅದನ್ನು ಬಂಧಿಸಲೇಬೇಕೆನ್ನುವ ಈ ವಾದವನ್ನು ನಾನು ಒಪ್ಪಲಾರೆ. ಆಶ್ರಯಧಾಮಗಳಿಲ್ಲದ ಕೊರತೆಯನ್ನು ಅದು ಮಗುವಿನ ತಲೆಗೆ ಕಟ್ಟುತ್ತದೆ.

ನ್ಯೂಯಾರ್ಕ್ 2008ರಲ್ಲಿ ದೇಶದ ಮೊದಲ ‘ಸೇಫ್ ಹಾರ್ಬರ್’ ಕಾನೂನನ್ನು, ಅಂದರೆ ಇಂಥ ಮಗುವನ್ನು ಆರೋಪಿಯಾಗಿ ಅಲ್ಲ, ನೆರವು ಬೇಕಾದ ಸಂತ್ರಸ್ತೆಯಾಗಿ ಕಾಣುವ ಕಾನೂನನ್ನು ಅಂಗೀಕರಿಸಿತು. ಅದಕ್ಕೂ ಷರತ್ತುಗಳಿದ್ದವು: ಹಿಂದೆ ಇಂಥದೇ ಪ್ರಕರಣದಲ್ಲಿ ಸಿಕ್ಕಿದ್ದ ಅಥವಾ ಸೂಚಿಸಿದ ನೆರವನ್ನು ಪಡೆಯಲು ಒಪ್ಪದ ಮಗುವಿನ ವಿರುದ್ಧ ನ್ಯಾಯಾಲಯ ಹಿಂದಿನಂತೆ ಆರೋಪಿಯೆಂದೇ ವಿಚಾರಣೆ ಮುಂದುವರಿಸಬಹುದಿತ್ತು. ಹದಿಮೂರರ ಬಾಲಕಿಯೊಬ್ಬಳ ಪ್ರಕರಣದಲ್ಲಿ ಟೆಕ್ಸಸ್‌ನ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ಲೈಂಗಿಕ ಕ್ರಿಯೆಗೆ ಸಮ್ಮತಿಸುವ ಸಾಮರ್ಥ್ಯವನ್ನೇ ಕಾನೂನು ಒಪ್ಪದ ವಯಸ್ಸಿನವಳನ್ನು ವೇಶ್ಯಾವಾಟಿಕೆಗಾಗಿ ವಿಚಾರಣೆಗೊಳಪಡಿಸಲಾಗದು ಎಂದಿತು. ಅದೇ ವರ್ಷ ಇಲಿನಾಯ್ ರಾಜ್ಯವು ಹದಿನೆಂಟರೊಳಗಿನ ಎಲ್ಲರಿಗೂ ಈ ಆರೋಪದಿಂದ ವಿನಾಯಿತಿ ನೀಡಿತು.

ವಿನಾಯಿತಿ ದೊರೆತದ್ದು ಮುಖ್ಯವಾಗಿ ಈ ಒಂದು ಆರೋಪದಿಂದ. ದಂಧೆಯಲ್ಲಿ ಸಿಲುಕಿದ ಮಗು ಕಳವು ಮಾಡಿರುತ್ತದೆ, ಮಾದಕವಸ್ತು ಸಾಗಿಸಿರುತ್ತದೆ, ಕೆಲವೊಮ್ಮೆ ತನ್ನನ್ನು ಪೀಡಿಸಿದವನ ಮೇಲೆಯೇ ಕೈ ಎತ್ತಿರುತ್ತದೆ. ತನ್ನನ್ನು ದಂಧೆಗೆ ಇಳಿಸಿದವನನ್ನು ಹದಿನಾರನೆಯ ವಯಸ್ಸಿನಲ್ಲಿ ಕೊಂದ ಕ್ಯಾಲಿಫೋರ್ನಿಯಾದ ಸಾರಾ ಕ್ರೂಜನ್‌ಗೆ 1995ರಲ್ಲಿ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಯಿತು. ಬಿಡುಗಡೆಯಾದದ್ದು 2013ರಲ್ಲಿ, ಗವರ್ನರ್ ಕ್ಷಮಾದಾನ ದೊರೆತದ್ದು 2022ರಲ್ಲಿ. ತನ್ನನ್ನು ಹಣ ಕೊಟ್ಟು ಕರೆದೊಯ್ದವನನ್ನು 2004ರಲ್ಲಿ ಹದಿನಾರರ ಹರೆಯದಲ್ಲಿ ಕೊಂದ ಟೆನ್ನೆಸ್ಸಿಯ ಸಿಂಟೋಯಾ ಬ್ರೌನ್ 51 ವರ್ಷ ಸೆರೆಯಲ್ಲಿರಬೇಕಿತ್ತು. ಹದಿನೆಂಟರೊಳಗಿನವರನ್ನು ವೇಶ್ಯಾವಾಟಿಕೆಗಾಗಿ ವಿಚಾರಣೆಗೊಳಪಡಿಸಬಾರದೆಂದು ಆ ರಾಜ್ಯ 2011ರಲ್ಲಿ ಕಾನೂನು ಮಾಡಿದಾಗಲೂ ಆಕೆ ಜೈಲಿನಲ್ಲೇ ಇದ್ದರು. ಶಿಕ್ಷೆ ಮೊಟಕಾಗಿ ಹೊರಬಂದದ್ದು 2019ರ ಆಗಸ್ಟ್‌ನಲ್ಲಿ. ಕ್ರೂಜನ್ ಹೆಸರಿನ ‘ಸಾರಾಸ್ ಲಾ’ಗಾಗಿ ನಡೆದಿರುವ ಪ್ರಯತ್ನ ಇಂಥ ಪ್ರಕರಣಗಳನ್ನೇ ಕುರಿತದ್ದು: ತನ್ನನ್ನು ಶೋಷಿಸಿದವನ ವಿರುದ್ಧ ಮಗು ಅಪರಾಧವೆಸಗಿದ್ದರೆ ಕಡ್ಡಾಯ ಕನಿಷ್ಠ ಶಿಕ್ಷೆಗಿಂತ ಕಡಿಮೆ ಶಿಕ್ಷೆ ನೀಡುವ ಅಧಿಕಾರ ನ್ಯಾಯಾಧೀಶರಿಗೆ ಇರಬೇಕು.

ಇದೇ ತೊಡಕು ನಮ್ಮ ದೇಶದಲ್ಲೂ ಇದೆ. ಲೋಕಸಭೆ 2018ರಲ್ಲಿ ಅಂಗೀಕರಿಸಿದರೂ ಕಾನೂನಾಗದೆ ಅಸಿಂಧುವಾದ ಮಾನವ ಕಳ್ಳಸಾಗಣೆ ತಡೆ ಮಸೂದೆಯು ಸಂತ್ರಸ್ತರಿಗೆ ವಿನಾಯಿತಿ ಕೊಟ್ಟಿತ್ತಾದರೂ, ಅದನ್ನು ಭಾರೀ ಶಿಕ್ಷೆಯ ಅಪರಾಧಗಳಿಗೆ ಸೀಮಿತಗೊಳಿಸಿತ್ತು. ಬಲವಂತಕ್ಕೆ ಮಣಿದು ಮಾಡಿದ ಸಣ್ಣಪುಟ್ಟ ತಪ್ಪುಗಳು ಹೊರಗುಳಿದಿದ್ದವು. ಮಗುವನ್ನು ಅಪರಾಧಕ್ಕೆ ಬಳಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಂ ಮೂರರಿಂದ ಹತ್ತು ವರ್ಷಗಳ ಸೆರೆವಾಸ ವಿಧಿಸುತ್ತದೆ. ಬಳಕೆಯಾದ ಮಗುವಿನ ವಿನಾಯಿತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ವಾಣಿಜ್ಯ ಪ್ರಮಾಣದ ಮಾದಕವಸ್ತುವಿನೊಂದಿಗೆ ಸಿಕ್ಕಿಬಿದ್ದ ಹದಿನೇಳರ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂದು ಬಾಲ ನ್ಯಾಯ ಮಂಡಳಿ 2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಂ ಅಡಿ ಪರಿಶೀಲಿಸುವಾಗ, ಕೃತ್ಯ ನಡೆದ ಸಂದರ್ಭವನ್ನೂ ಗಮನಿಸಬೇಕು. ಅವನ ಕೈಗೆ ಆ ಪೊಟ್ಟಣ ಕೊಟ್ಟವರಾರು ಎಂಬುದನ್ನು ವಕೀಲರು ಮಂಡಳಿಯ ಮುಂದಿಡಲು ಸದ್ಯಕ್ಕಿರುವ ಮುಖ್ಯ ಅವಕಾಶ ಅದೇ.