ರಾಕ್ ಗಾಯಕರು ಯಾಕೆ ಕಿರುಚುತ್ತಾರೆ?

ಓದುಗರ ಪ್ರಶ್ನೆ: ರಾಕ್ ಹಾಡು ಕೇಳಿದಾಗೆಲ್ಲ ಗಾಯಕರು ಕಿರುಚುತ್ತಿದ್ದಾರೆ ಅನಿಸುತ್ತದೆ. ಅದನ್ನು ಹಾಡುಗಾರಿಕೆ ಅಂತ ಒಪ್ಪಿಕೊಳ್ಳುವುದು ಹೇಗೆ? ಅದನ್ನು ಕೇಳುವುದಕ್ಕೆ ಒಂದು ದಾರಿ ಇದೆಯಾ?

ಇದೆ. ಕಿರುಚು ಎಷ್ಟು ಜೋರಾಗಿದೆ ಅನ್ನುವುದನ್ನು ಬಿಟ್ಟುಬಿಡಿ. ಹಾಡಿನಲ್ಲಿ ಅದು ಎಲ್ಲಿ ಬರುತ್ತದೆ ಅಂತ ಗಮನಿಸಿ. ಒಂದೇ ಹಾಡು ಹಿಡಿದು ಹೇಳುತ್ತೇನೆ: ಅಮೆರಿಕದ ನಿರ್ವಾಣ ತಂಡದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’. 1991ರಲ್ಲಿ ಬಂದ ‘ನೆವರ್‌ಮೈಂಡ್’ ಆಲ್ಬಂನ ಮೊದಲ ಹಾಡು ಇದು. ಹಾಡಿದ್ದು, ಗಿಟಾರ್ ನುಡಿಸಿದ್ದು ಕರ್ಟ್ ಕೋಬೇನ್. ಬೇಸ್, ಅಂದರೆ ಕೆಳಸ್ವರದ ಗಿಟಾರ್, ಕ್ರಿಸ್ಟ್ ನೊವೊಸೆಲಿಕ್, ಡ್ರಮ್ಸ್ ಡೇವ್ ಗ್ರೋಲ್. ಮೂರೇ ಜನ.

ಶುರುವಿನಲ್ಲಿ ಗಿಟಾರ್ ಒಂದೇ, ಸಾದಾ ದನಿಯಲ್ಲಿ. ನಾಲ್ಕು ಕಾರ್ಡ್. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಡ್ರಮ್ಸ್ ಬಂದು ಬಡಿದ ಕೂಡಲೇ ಅದೇ ನಾಲ್ಕು ಕಾರ್ಡ್ ಡಿಸ್ಟಾರ್ಷನ್‌ನಲ್ಲಿ ಮೊರೆಯುತ್ತವೆ. ಡಿಸ್ಟಾರ್ಷನ್ ಅಂದರೆ ಗಿಟಾರಿನ ಸದ್ದನ್ನು ಬೇಕೆಂದೇ ಒಡೆದು ಒರಟು ಮಾಡುವುದು. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ಬೇಸ್, ಡ್ರಮ್ಸ್ ಮಾತ್ರ ನಡೆಯುತ್ತಿರುತ್ತವೆ. ಗಿಟಾರ್ ಎರಡು ಸ್ವರ ಮೀಟುತ್ತದೆ, ಸುಮ್ಮನಾಗುತ್ತದೆ, ಮತ್ತೆ ಅವೇ ಎರಡು ಸ್ವರ. ವರ್ಸ್ ಬರುವುದು ಇಲ್ಲಿ.

ನಮ್ಮ ಸಿನಿಮಾ ಹಾಡುಗಳಲ್ಲಿ ಪಲ್ಲವಿ ಮೊದಲು, ಚರಣ ಆಮೇಲೆ. ಹಾಡಿನ ಮುಖ ಮೊದಲೇ ಕಂಡುಬಿಡುತ್ತದೆ. ರಾಕ್‌ನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಚರಣದಂಥ ವರ್ಸ್ ಮೊದಲು, ಪಲ್ಲವಿಯಂಥ ಕೋರಸ್ ಆಮೇಲೆ. ಅಂದರೆ ಕೇಳುವವರನ್ನು ಕಾಯಿಸಬೇಕು. ಈ ಹಾಡಿನಲ್ಲಿ ಕಾಯಿಸುವುದು ಕೋಬೇನ್ ದನಿ. ವರ್ಸ್‌ನಲ್ಲಿ ಅವರು ಪದಗಳನ್ನು ಅರ್ಧ ನುಂಗುತ್ತಾರೆ, ಸಾಲುಗಳನ್ನು ಎಳೆಯುತ್ತಾರೆ. ಪದ ತಿಳಿಯದ್ದಕ್ಕೆ ಸಂಗೀತದ ಟಿವಿ ಚಾನೆಲ್ ಎಂಟಿವಿಯವರು ಪರದೆಯ ಕೆಳಗೆ ಸಾಹಿತ್ಯ ಓಡುವ ಒಂದು ವಿಡಿಯೊವನ್ನೇ ಮಾಡಬೇಕಾಯಿತು! ನನಗೆ ಇದು ಕುಂದು ಅನಿಸುವುದಿಲ್ಲ. ಎಲ್ಲದರಿಂದ ಬೇಸತ್ತ ಹುಡುಗ ಮಾತಾಡುವುದೇ ಹಾಗೆ.

ಆಮೇಲೆ ‘ಹಲೋ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ದನಿ ಇನ್ನೂ ಏರಿಲ್ಲ. ಆದರೆ ಗಿಟಾರ್ ಕೇಳಿ. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಆ ಎರಡು ಸ್ವರ ಈಗ ಬಿಡುವೇ ಇಲ್ಲದೆ ಬರುತ್ತಿವೆ. ಏನೋ ಆಗಲಿದೆ ಅಂತ ಮೈಗೆ ಗೊತ್ತಾಗುತ್ತದೆ.

ಆಗ ಕೋರಸ್ ಒಡೆಯುತ್ತದೆ. ನೀವು ಕೇಳಿದ ಕಿರುಚು ಇದೇ. ಕಾರ್ಡ್‌ಗಳು ಮಾತ್ರ ಅವೇ ನಾಲ್ಕು. ಬದಲಾದದ್ದು ಬಲ, ಒರಟುತನ. ಗಿಟಾರ್ ಒರಟಾದ ಕ್ಷಣವೇ ದನಿಯೂ ಒರಟಾಗುತ್ತದೆ. ಗಿಟಾರಿಗೆ ಡಿಸ್ಟಾರ್ಷನ್ ಇದ್ದ ಹಾಗೆ ಗಂಟಲಿಗೂ ಒಂದು ಡಿಸ್ಟಾರ್ಷನ್ ಇದೆ. ನಮ್ಮ ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾಮೂಲಿಯಾಗಿ ಹಾಡುವಾಗ ಅವು ಸುಮ್ಮನಿರುತ್ತವೆ. ಗಾಯಕರು ದನಿಯನ್ನು ಒರಟು ಮಾಡಿದಾಗ ಅವೂ ಅದುರಬಹುದು. ಆಗ ಸ್ವರದ ಸುತ್ತ ಗರಗರ ಸದ್ದು ಮೆತ್ತಿಕೊಳ್ಳುತ್ತದೆ. ಸ್ವರ ಒಳಗೆ ಹಾಗೇ ಇರುತ್ತದೆ. ಬೇಕಾದರೆ ಆ ಕೋರಸ್ ಗುನುಗಿ ನೋಡಿ. ಬರುತ್ತದೆ ಅಲ್ವಾ? ಬರೀ ಕಿರುಚಾಟ ಆಗಿದ್ದರೆ ಗುನುಗುವುದಕ್ಕೆ ಏನೂ ಸಿಗುತ್ತಿರಲಿಲ್ಲ.

ಆ ದನಿ ಅಷ್ಟು ದಪ್ಪ ಕೇಳಿಸುವುದಕ್ಕೆ ಸ್ಟುಡಿಯೊದ ಕೆಲಸವೂ ಕಾರಣ. ಆಲ್ಬಂನ ರೆಕಾರ್ಡಿಂಗ್ ನೋಡಿಕೊಂಡ ನಿರ್ಮಾಪಕ ಬುಚ್ ವಿಗ್ ಒಂದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂಡಿಸಿದರು. ಕೋಬೇನ್‌ಗೆ ಇದು ಇಷ್ಟವಿರಲಿಲ್ಲ. ಬೀಟಲ್ಸ್ ತಂಡದ ಜಾನ್ ಲೆನನ್ ಕೂಡ ಹೀಗೆ ಮಾಡುತ್ತಿದ್ದರು ಅಂತ ಹೇಳಿ ವಿಗ್ ಒಪ್ಪಿಸಿದರು.

ಈ ಮೆಲ್ಲಗೆ-ಜೋರು ಆಟ ಕೋಬೇನ್ ಕಂಡುಹಿಡಿದದ್ದಲ್ಲ. ಅಮೆರಿಕದ ಇನ್ನೊಂದು ರಾಕ್ ತಂಡ ಪಿಕ್ಸೀಸ್‌ನ ದಾರಿ ಹಿಡಿದೆ ಅಂತ ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ.

ನನಗೆ ತುಂಬಾ ಹಿಡಿಸುವುದು ಗಿಟಾರ್ ಸೋಲೋ, ಅಂದರೆ ಹಾಡುವುದು ನಿಂತು ಗಿಟಾರ್ ಮುಂದೆ ಬರುವ ಭಾಗ. ಸಾಮಾನ್ಯವಾಗಿ ಬೆರಳಿನ ವೇಗ ತೋರಿಸುವ ಜಾಗ ಅದು. ಆದರೆ ಕೋಬೇನ್ ಅಲ್ಲಿ ಹೆಚ್ಚುಕಮ್ಮಿ ವರ್ಸ್‌ನ ರಾಗವನ್ನೇ ನುಡಿಸುತ್ತಾರೆ. ತಾವು ನುಂಗಿಕೊಂಡು ಹಾಡಿದ್ದನ್ನು ಗಿಟಾರ್ ಬಾಯಿಬಿಟ್ಟು ಹಾಡುತ್ತದೆ.

ಮೊದಲ ಸಲ ವಾಲ್ಯೂಮ್ ಕಮ್ಮಿ ಇಟ್ಟು ಕೇಳಿ. ಕಮ್ಮಿ ಇಟ್ಟರೂ ಕೋರಸ್ ಜೋರಾಗಿಯೇ ಅನಿಸುತ್ತದೆ, ಯಾಕೆಂದರೆ ಅದರ ಹಿಂದೆ ಅಷ್ಟೊಂದು ತಡೆದು ಹಿಡಿದಿದ್ದಾರೆ. ಕೊನೆಯ ಕೋರಸ್ ಆದಮೇಲೆ ಮಾತ್ರ ತಡೆ ಇಲ್ಲ. ಒಂದೇ ಮಾತನ್ನು ಒಂಬತ್ತು ಸಲ ಕೂಗುತ್ತಾರೆ, ದನಿ ಸೀಳುತ್ತಾ ಹೋಗುತ್ತದೆ. ಮೊದಲ ವರ್ಸ್‌ನಲ್ಲಿ ಗೊಣಗುತ್ತಿದ್ದವರು ಇವರೇನಾ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆಮೇಲೆ ಗಿಟಾರಿನ ಸದ್ದೊಂದು ಉಳಿಯುತ್ತದೆ, ನಿಧಾನವಾಗಿ ಕರಗುತ್ತದೆ.